ಕರುಗಳಿಗೆ ಕುಡಿಸೋ ವೇಸ್ಟ್ ಹಾಲಿಗೆ ಅಂತ ತಗೊಂಡ ಪಾಶ್ಚರೈಸರ್: 14 ತಿಂಗಳು ಬಳಸಿದ ಮೇಲೆ ಬರೀತಿದೀನಿ

ಮೊದಲೇ ಹೇಳ್ಬಿಡ್ತೀನಿ, ಹಾಲು ಬಿಸಿ ಮಾಡಿ ಕ್ರಿಮಿ ಕೊಲ್ಲೋ ಈ ಮಷೀನ್ ತಗೊಂಡಿದ್ದಕ್ಕೆ ಬೇಜಾರಿಲ್ಲ, ಯಾರಾದ್ರೂ ಕೇಳಿದ್ರೆ ತಗೊಳ್ಳಿ ಅಂತಾನೇ ಹೇಳ್ತೀನಿ. ಆದ್ರೆ ಮುಂದಗಡೆ ಇರೋ ಡಿಸ್‌ಪ್ಲೇ ತೋರಿಸಿದ್ದನ್ನ ಕಣ್ಣುಮುಚ್ಚಿ ನಂಬ್ಕೊಂಡು ಮೂರು ತಿಂಗಳು ಸುಮ್ನೆ ಇದ್ವಲ್ಲ, ಆ ಮೂರು ತಿಂಗಳಲ್ಲಿ ಎರಡು ಕರು ಕಳ್ಕೊಂಡ್ವಿ. ಆ ಕಥೆ ಯಾವ ಬ್ರೋಚರಲ್ಲೂ ಇರಲ್ಲ, ಅದಕ್ಕೇ ಇಷ್ಟುದ್ದ ಬರೀತಿರೋದು. ಕಂಪನಿ ಹೆಸರು ಹಾಕ್ತಿಲ್ಲ, ಯಾಕಂದ್ರೆ ನಾನು ಹೇಳೋ ತೊಂದ್ರೆ ಯಾವ ಮಷೀನಲ್ಲಾದ್ರೂ ಬರಬಹುದು, ಹೆಸರು ನೋಡಿ ಬೇರೆ ಕಂಪನಿದು ತಗೊಂಡು ಆರಾಮಾಗಿ ಕೂತ್ಬಿಟ್ರೆ ನಿಮ್ಮ ಕರುಗಳಿಗೂ ಅದೇ ಗತಿ ಆಗುತ್ತೆ.

ನಮ್ಮಲ್ಲಿ ಹಾಲು ಕುಡಿಯೋ ಕರುಗಳು ಯಾವಾಗ್ಲೂ ಹತ್ತಿಪ್ಪತ್ತು ಇರ್ತವೆ. ಮಾರಕ್ಕಾಗದ ಹಾಲು ದಿನಾ ಉಳಿಯುತ್ತೆ, ಅಂದ್ರೆ ಕರು ಹಾಕಿ ಮೊದಲ ಕೆಲವು ದಿನದ ಹಾಲು, ಕೆಚ್ಚಲು ಬಾವಿಗೆ ಇಂಜೆಕ್ಷನ್ನೋ ಟ್ಯೂಬೋ ಹಾಕಿದ ಹಸುಗಳ ಹಾಲು, ವಿತ್‌ಡ್ರಾವಲ್ (ಔಷಧಿ ಹಾಲಿಂದ ಹೋಗೋವರೆಗೆ ಕಾಯೋ ದಿನಗಳು) ಮುಗಿಯೋವರೆಗೆ ಮಾರೋ ಹಾಲಿನ ಟ್ಯಾಂಕಿಗೆ ಹಾಕಂಗಿಲ್ವಲ್ಲ ಅದು. ಚೆಲ್ಲಕ್ಕೆ ಮನಸ್ಸು ಬರಲ್ಲ, ಕರುಗೆ ಅದಕ್ಕಿಂತ ಒಳ್ಳೆ ಆಹಾರ ಇನ್ನೇನಿದೆ ಅಂತ ನಾವೂ ವರ್ಷಗಟ್ಟಲೆ ಹಸಿಹಸಿಯಾಗೇ ಬಕೆಟ್‌ಗೆ ಹಾಕಿ ಕುಡಿಸಿದ್ವಿ. ಅದರ ಜೊತೆ ಏನೇನು ಕುಡಿಸ್ತಿದ್ವಿ ಅನ್ನೋದು ಆಮೇಲೆ ಅರ್ಥ ಆಗಿದ್ದು. ಇ. ಕೋಲಿ, ಸಾಲ್ಮೊನೆಲ್ಲಾ ಇವೆಲ್ಲ ಭೇದಿಗೆ ಕಾರಣ ಅಂತ ಎಲ್ರಿಗೂ ಗೊತ್ತು, ಆದ್ರೆ ಮೈಕೊಪ್ಲಾಸ್ಮಾ ಅನ್ನೋದೂ ಹಾಲಲ್ಲೇ ಬರುತ್ತೆ, ಕರು ಒಂದು ಕಿವಿ ಇಳಿಬಿಟ್ಕೊಂಡು ತಲೆ ಓರೆ ಮಾಡ್ಕೊಂಡು ನಿಂತಿರುತ್ತಲ್ಲ, ಎಷ್ಟೋ ಸಲ ಅದೇ. ಇನ್ನು ಜೋನ್ಸ್ ಕಾಯಿಲೆ ಅಂತೂ ಕರುವಾಗಿದ್ದಾಗ ಹಾಲಲ್ಲೋ ಸಗಣಿಯಲ್ಲೋ ಒಳಗೆ ಹೋಗಿ ಎರಡು ಮೂರು ವರ್ಷ ಸುಮ್ನಿದ್ದು, ಹಸು ಹಾಲಿಗೆ ಬಂದ ಮೇಲೆ ಎಷ್ಟು ಮೇವು ಹಾಕಿದ್ರೂ ಸೊರಗಿಸ್ಬಿಡುತ್ತೆ. 2024ರಲ್ಲಿ ಅಮೆರಿಕದ ಡೈರಿ ಹಸುಗಳಿಗೆ ಹಕ್ಕಿಜ್ವರ ಬಂದಾಗ ಕೊಟ್ಟಿಗೆಯಲ್ಲಿ ಹಸಿ ಹಾಲು ಕುಡಿದ ಬೆಕ್ಕುಗಳು ಸತ್ತಿದ್ದು ಓದಿದ ಮೇಲೆ ನಮ್ಮನೇಲಿ ಇನ್ನು ಹಸಿ ಹಾಲು ಕುಡಿಸೋದು ಬೇಡ ಅಂತ ತೀರ್ಮಾನ ಆಯ್ತು.

ತಗೊಂಡಿದ್ದು 150 ಲೀಟರ್‌ದು ಬ್ಯಾಚ್ ಮಷೀನ್, ಅಂದ್ರೆ ಒಂದು ಸಲಕ್ಕೆ ತುಂಬಿದಷ್ಟನ್ನ ಒಟ್ಟಿಗೆ ಬಿಸಿ ಮಾಡೋದು. ಸ್ಟೀಲ್ ಟ್ಯಾಂಕು, ಸುತ್ತ ಎರಡು ಗೋಡೆ ನಡುವೆ ನೀರು, ಕೆಳಗೆ ಹೀಟರು, ಮೇಲೆ ಹಾಲು ತಿರುವೋ ಮೋಟರು, ಕೆಳಗಡೆ ಒಂದು ವಾಲ್ವು, ಅಷ್ಟೇ. ಬಟನ್ ಒತ್ತಿದ್ರೆ 63 ಡಿಗ್ರಿಗೆ ಏರಿಸಿ 30 ನಿಮಿಷ ಹಿಡಿದು ಆಮೇಲೆ ಆ ಎರಡು ಗೋಡೆ ನಡುವೆ ತಣ್ಣೀರು ಹರಿಸಿ ಕರು ಕುಡಿಯೋ ಬಿಸಿಗೆ, ಹತ್ತಿರ ಹತ್ತಿರ 40ಕ್ಕೆ ಇಳಿಸುತ್ತೆ. ಇನ್ನೊಂದು ನಮೂನೆ ಇದೆ, ಹಾಲು ಪ್ಲೇಟ್‌ಗಳ ನಡುವೆ ಹರೀತಾ 72 ಡಿಗ್ರೀಲಿ 15 ಸೆಕೆಂಡ್ ಇದ್ದು ಹೊರಗೆ ಬರೋದು. ಅದು ತುಂಬ ಕರು ಇರೋ ದೊಡ್ಡ ಫಾರಮ್ಮಿಗೆ ಸರಿ, ನಮ್ಮಂಥವರಿಗೆ ಅದು ಬೇಡ ಅನ್ನಿಸ್ತು, ಯಾಕಂದ್ರೆ ಕೆಚ್ಚಲು ಬಾವಿನ ಹಾಲಲ್ಲಿ ಗರಣೆ ಗರಣೆ ಬರುತ್ತೆ, ಸರಿಯಾಗಿ ಸೋಸದೆ ಬಿಟ್ರೆ ಆ ಸಣ್ಣ ಸಂದುಗಳಲ್ಲಿ ಕಟ್ಕೊಳ್ಳುತ್ತೆ, ತೊಳೆಯೋದೂ ದೊಡ್ಡ ಕೆಲಸ.

ಮೊದಲ ತಿಂಗಳು ಚೆನ್ನಾಗೇ ಇತ್ತು, ಭೇದಿ ಕಮ್ಮಿಯಾದಂಗೆ ಕಾಣ್ತು, ಖುಷಿಯಾಗಿದ್ವಿ. ಆಮೇಲೆ ಒಂದು ವಾರದಲ್ಲಿ ಮೂರು ಕರು ಒಟ್ಟಿಗೆ ಮಲಗಿದ್ವು. ಹತ್ತು ದಿನದ್ದು ಒಂದು ಹೆಣ್ಗರು, ಹಣೆ ಮೇಲೆ ಬಿಳಿ ಚುಕ್ಕೆ ಇದ್ದಿದ್ದು, ಹಿಂದಿನ ಸಂಜೆ ಬಕೆಟ್ ಸದ್ದಿಗೇ ಎದ್ದು ಬರ್ತಿದ್ದ ಕರು ಬೆಳಿಗ್ಗೆ ತಲೆ ಎತ್ತಲಿಲ್ಲ, ಕಣ್ಣು ಒಳಗೆ ಹೋಗಿತ್ತು, ಕತ್ತಿನ ಚರ್ಮ ಹಿಡಿದೆತ್ತಿ ಬಿಟ್ರೆ ಮಡಿಕೆ ಹಂಗೇ ನಿಂತ್ಕೊಳ್ತಿತ್ತು, ಬಾಯೊಳಗೆ ಬೆರಳಿಟ್ರೆ ತಣ್ಣಗೆ. ಡ್ರಿಪ್ ಹಾಕಿಸಿದ್ರೂ ಉಳೀಲಿಲ್ಲ. ಅವತ್ತು ನಾವು ಎಲ್ಲದರ ಮೇಲೂ ಅನುಮಾನ ಪಟ್ವಿ, ಹಾಸಿಗೆ, ನೀರು, ಗಾಳಿ, ಹೊಸದಾಗಿ ಬಂದ ಕೆಲಸದವರು, ಎಲ್ಲ. ಹಾಲಿನ ಮೇಲೆ ಮಾತ್ರ ಬರಲಿಲ್ಲ, ಯಾಕಂದ್ರೆ ಡಿಸ್‌ಪ್ಲೇಲಿ ದಿನಾ 63 ಅಂತಾನೇ ತೋರಿಸ್ತಿತ್ತು, 30 ನಿಮಿಷ ಆದ್ಮೇಲೆ ಪೀಂ ಅಂತ ಕೂಗ್ತಿತ್ತು.

ಎರಡನೇ ಕರು ಹೋದ ಮೇಲೆ ನಮ್ಮ ಪಶುವೈದ್ಯರು ಬಂದವರು, ಹಾಲಿಗೆ ಬೇರೆ ಥರ್ಮಾಮೀಟರ್ ಇಟ್ಟು ಯಾವತ್ತಾದ್ರೂ ನೋಡಿದೀರಾ ಅಂದ್ರು. ನೋಡಿರಲಿಲ್ಲ. ಅವತ್ತು ಸಂಜೇನೇ ಉದ್ದನೆ ಕಡ್ಡಿ ಇರೋ ಡಿಜಿಟಲ್ ಥರ್ಮಾಮೀಟರ್ ತಂದು, ಮೊದಲು ಪುಡಿ ಐಸ್ ಮೇಲೆ ಸ್ವಲ್ಪ ನೀರು ಹಾಕಿ ಕಲಸಿ ಅದರಲ್ಲಿಟ್ಟು ಸೊನ್ನೆ ತೋರಿಸುತ್ತಾ ನೋಡ್ಕೊಂಡ್ವಿ (ಇದನ್ನ ತಪ್ಪದೆ ಮಾಡಿ, ಚೆಕ್ ಮಾಡೋ ಥರ್ಮಾಮೀಟರೇ ತಪ್ಪಿದ್ರೆ ಏನು ಉಪಯೋಗ), ಆಮೇಲೆ ಹಾಲಿನ ನಡುಮಧ್ಯಕ್ಕೆ ಇಳಿಸಿದ್ವಿ. ಡಿಸ್‌ಪ್ಲೇಲಿ 63, ಹಾಲಲ್ಲಿ 58. ಮೇಲೆ ನಿಂತಿದ್ದ ನೊರೆಗೆ ಚುಚ್ಚಿದ್ರೆ 49. ಆ ಮೂರು ನಂಬರ್ ನಾನು ಮಷೀನ್ ಪಕ್ಕದ ಗೋಡೆ ಮೇಲೆ ಪೆನ್ಸಿಲಲ್ಲಿ ಬರೆದಿದ್ದು ಇನ್ನೂ ಹಂಗೇ ಇದೆ.

ಐದು ಡಿಗ್ರಿ ತಾನೇ ಅನ್ನಿಸಬಹುದು. ಆದ್ರೆ ಕ್ರಿಮಿ ಸಾಯೋ ವೇಗ ಡಿಗ್ರಿ ಇಳಿದಂಗೆಲ್ಲ ಸಮ ಸಮ ಇಳಿಯಲ್ಲ, ದಡಕ್ಕನೆ ಬಿದ್ಹೋಗುತ್ತೆ, 63ರಲ್ಲಿ ಅರ್ಧ ಗಂಟೇಲಿ ಆಗೋ ಕೆಲಸ 58ರಲ್ಲಿ ಅರ್ಧ ಗಂಟೇಲಿ ಆಗೋದೇ ಇಲ್ಲ. ಕಾರಣ ಹುಡುಕಿದಾಗ ಗೊತ್ತಾಗಿದ್ದು ಎರಡು. ಸೆನ್ಸರ್ ಟ್ಯಾಂಕಿನ ಗೋಡೆಗೆ ಒತ್ತಿಕೊಂಡಿತ್ತು, ಅದು ಹಾಲಿನ ಬಿಸಿಗಿಂತ ಗೋಡೆ ಬಿಸಿನೇ ಜಾಸ್ತಿ ಓದ್ತಿತ್ತು. ಇನ್ನೊಂದು, ತಿರುವೋ ರೆಕ್ಕೆ ಸ್ಕ್ರೂ ಸಡಿಲ ಆಗಿ ಕಂಬಿ ಸುತ್ತಿದ್ರೂ ರೆಕ್ಕೆ ಸರಿಯಾಗಿ ಸುತ್ತಾ ಇರಲಿಲ್ಲ, ಹಾಲು ಅಂಚಲ್ಲಿ ಬಿಸಿ, ನಡುವೆ ತಣ್ಣಗೆ. ಮೋಟರ್ ಸದ್ದು ಬರ್ತಿತ್ತಲ್ಲ ಅಂತ ನಾವು ಮುಚ್ಚಳ ತೆಗೆದೇ ನೋಡ್ತಿರಲಿಲ್ಲ. ನೊರೆ ವಿಷಯಾನೂ ಸಣ್ಣದಲ್ಲ, ಹಾಲು ಮೇಲಿಂದ ಧಬಧಬ ಸುರಿದ್ರೆ ನೊರೆ ಏಳುತ್ತೆ, ನೊರೆಯೊಳಗೆ ಗಾಳಿ ಇರೋದ್ರಿಂದ ಅದಕ್ಕೆ ಬಿಸಿ ಹತ್ತಲ್ಲ, ಅಲ್ಲಿರೋ ಕ್ರಿಮಿ ಬದುಕಿ ಆಮೇಲೆ ಹಾಲಿಗೇ ಇಳಿಯುತ್ತೆ. ಮನುಷ್ಯರಿಗೆ ಅಂತ ಹಾಲು ಪಾಶ್ಚರೈಸ್ ಮಾಡೋ ವ್ಯಾಟ್‌ಗಳಲ್ಲಿ ಹಾಲಿನ ಮೇಲಿನ ಗಾಳೀನೂ ಬೇರೆ ಬಿಸಿ ಮಾಡೋದು ಇದಕ್ಕೇ. ನಮ್ಮ ಮಷೀನಿಗೆ ಆ ವ್ಯವಸ್ಥೆ ಇಲ್ಲ. ಈಗ ನಾವು ಹಾಲನ್ನ ಗೋಡೆಗುಂಟ ನಿಧಾನ ಇಳಿಸ್ತೀವಿ, ನೊರೆ ಬಂದ್ರೆ ಸೌಟಲ್ಲಿ ತೆಗೆದುಹಾಕ್ತೀವಿ, 65ಕ್ಕೆ ಸೆಟ್ ಮಾಡಿ ಕೈ ಥರ್ಮಾಮೀಟರಲ್ಲಿ 63 ದಾಟಿದ ಮೇಲೇನೇ ಟೈಮ್ ಲೆಕ್ಕ ಶುರು ಮಾಡ್ತೀವಿ.

ಸರ್ವೀಸ್ ಬಗ್ಗೆ ಹೇಳಲೇಬೇಕು. ಫೋನ್ ಮಾಡಿದಾಗ ಮೊದಲು ಹೇಳಿದ್ದು ನಿಮ್ಮ ಥರ್ಮಾಮೀಟರ್ ಸರಿ ಇಲ್ಲ ಅಂತ. ಐಸ್‌ನಲ್ಲಿಟ್ಟ ವಿಡಿಯೋ ಕಳಿಸಿದ್ವಿ. ಆಮೇಲೆ ಮೂರು ವಾರ ಆದ್ಮೇಲೆ ಬಂದ್ರು, ಬಂದ ಹುಡುಗ ಒಳ್ಳೆಯವನು, ಕೆಲಸ ಗೊತ್ತಿದ್ದವನು, ಸೆನ್ಸರ್ ಜಾಗ ಬದಲಾಯಿಸಿ ರೆಕ್ಕೆಗೆ ಲಾಕ್ ನಟ್ ಹಾಕಿ ಹೋದ, ಅವತ್ತಿಂದ ವ್ಯತ್ಯಾಸ ಅರ್ಧ ಡಿಗ್ರಿ ಒಳಗೇ ಇದೆ. ಆದ್ರೆ ಆ ಮೂರು ವಾರ ನಾವು ಕೈಯಲ್ಲೇ ತಿರುವಿಕೊಂಡು ಮಾಡಿದ್ದು. ದಿನಾ ಎರಡು ಹೊತ್ತು ಬಳಸೋ ಯಂತ್ರಕ್ಕೆ ಮೂರು ವಾರ ಕಾಯಿಸೋದು ನ್ಯಾಯ ಅಲ್ಲ, ಕರು ಹಸಿವಿಗೆ ಕಾಯಲ್ಲ.

ಟೆಂಪರೇಚರ್ ಸರಿ ಆದ್ಮೇಲೆ ಎಲ್ಲ ಸರಿ ಹೋಯ್ತು ಅಂದ್ಕೊಂಡ್ವಿ. ಅರ್ಧ ಮಾತ್ರ ಹೋಗಿತ್ತು. ಡಾಕ್ಟ್ರು ಹೇಳಿದಂಗೆ ಒಂದೇ ದಿನ ಮೂರು ಕಡೆಯಿಂದ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಿದ್ವಿ, ಬಿಸಿ ಮಾಡೋಕ್ಕೆ ಮುಂಚೆ ಒಂದು, ಬಿಸಿ ಮುಗಿದ ತಕ್ಷಣ ಟ್ಯಾಂಕಿನ ಮೇಲಿಂದ ತೊಳೆದ ಸೌಟಲ್ಲಿ ಒಂದು, ಕರು ಬಾಯಿಗೆ ಹೋಗೋ ಬಕೆಟ್ಟಿಂದ ಒಂದು. ಪಾಶ್ಚರೈಸ್ ಆದ ಹಾಲಲ್ಲಿ ಒಂದು ಮಿಲಿಗೆ 20,000ಕ್ಕಿಂತ ಕಮ್ಮಿ ಬ್ಯಾಕ್ಟೀರಿಯಾ ಇರಬೇಕು ಅನ್ನೋದು ಸಾಮಾನ್ಯವಾಗಿ ಇಟ್ಕೊಳ್ಳೋ ಗುರಿ. ಟ್ಯಾಂಕಿನ ಮೇಲಿನ ಸ್ಯಾಂಪಲ್ ಅದಕ್ಕಿಂತ ಎಷ್ಟೋ ಕೆಳಗಿತ್ತು. ಬಕೆಟ್ಟಿಂದು ಲಕ್ಷ ದಾಟಿತ್ತು. ಅಂದ್ರೆ ಮಷೀನ್ ಕೊಂದು ಕೊಟ್ಟಿದ್ದನ್ನ ನಾವು ಟ್ಯಾಂಕಿಂದ ಬಕೆಟ್ಟಿಗೆ ಬರೋ ಅಷ್ಟೇ ದಾರಿಯಲ್ಲಿ ವಾಪಸ್ ತುಂಬಿಸ್ತಿದ್ವಿ.

ವಾಲ್ವ್ ಬಿಚ್ಚಿದ್ವಿ. ಹೊರಗಿಂದ ಕನ್ನಡಿ ಥರ ಹೊಳೀತಿದ್ದ ವಾಲ್ವು ಅದು. ಒಳಗಿನ ರಬ್ಬರ್ ಗ್ಯಾಸ್ಕೆಟ್ ಹಿಂದೆ ಉಗುರು ಹಾಕಿ ಕೆರೆದ್ರೆ ಹಳದಿ ಬಣ್ಣದ ಜಿಡ್ಡು, ಬೆಣ್ಣೆ ಥರ ಮೆತ್ತಗೆ, ಹುಳಿ ವಾಸನೆ ಮೂಗಿಗೆ ಹೊಡೀತು, ಗ್ಯಾಸ್ಕೆಟ್ ಅಂಚಲ್ಲಿ ಕೂದಲೆಳೆಯಷ್ಟು ಬಿರುಕು, ಆ ಬಿರುಕಲ್ಲೂ ಅದೇ. ಪ್ರತಿ ಬಕೆಟ್ ಹಾಲೂ ಅದನ್ನ ಸವರಿಕೊಂಡೇ ಕರುವಿಗೆ ಹೋಗ್ತಿತ್ತು. ಟ್ಯಾಂಕೊಳಗೆ ಎಲ್ಲ ಕಡೆ 63 ಡಿಗ್ರಿ ಇದ್ರೂ ವಾಲ್ವ್ ಗಂಟಲಲ್ಲಿ ನಿಂತ ಹಾಲಿಗೆ ಆ ಬಿಸಿ ಮುಟ್ಟಲ್ಲ, ಅದಕ್ಕೇ ಈಗ ಬಿಸಿ ಏರೋವಾಗ ಒಂದೆರಡು ಲೀಟರ್ ವಾಲ್ವಿಂದ ತೆಗೆದು ವಾಪಸ್ ಟ್ಯಾಂಕಿಗೇ ಸುರೀತೀವಿ.

ತೊಳೆಯೋದ್ರಲ್ಲಿ ನಮ್ಮ ತಪ್ಪೂ ದೊಡ್ಡದಿತ್ತು. ನಾವು ಚೆನ್ನಾಗಿ ತೊಳೀಬೇಕು ಅಂತ ಮೊದಲೇ ಕುದಿಯೋ ನೀರು ಹಾಕ್ತಿದ್ವಿ, ಅದು ಹಾಲಿನ ಪ್ರೋಟೀನನ್ನ ಸ್ಟೀಲಿಗೆ ಅಂಟಿಸಿ ಕೂರಿಸಿಬಿಡುತ್ತೆ. ಮೊದಲು ಉಗುರುಬೆಚ್ಚಗಿನ ನೀರಲ್ಲಿ ನೀರು ತಿಳಿ ಬರೋವರೆಗೂ ಜಾಲಿಸ್ಬೇಕು, ಆಮೇಲೆ ಬಿಸಿ ನೀರಲ್ಲಿ ಕ್ಲೋರಿನ್ ಇರೋ ಕ್ಷಾರದ ಡಿಟರ್ಜೆಂಟ್ ಹಾಕಿ ಬ್ರಷ್ಷಲ್ಲಿ ಉಜ್ಜಬೇಕು, ತೊಳೆಯೋದು ಮುಗಿಯೋವರೆಗೂ ನೀರು ಬಿಸಿಯಾಗೇ ಇರಬೇಕು, ತಣ್ಣಗಾದ್ರೆ ಜಿಡ್ಡು ಮತ್ತೆ ಕೂರುತ್ತೆ, ಅದನ್ನ ಪೂರ್ತಿ ತೊಳೆದು ಹೊರಗೆ ಹಾಕಿದ ಮೇಲೆ ಕೊನೆಗೆ ಆಸಿಡ್ ರಿನ್ಸ್, ಹಾಲುಗಲ್ಲು (ಹಾಲಿನ ಖನಿಜದ ಗಟ್ಟಿ ಪದರ) ಕಟ್ಟದಂಗೆ. ಕ್ಲೋರಿನ್‌ದೂ ಆಸಿಡ್‌ದೂ ಯಾವ ಕಾರಣಕ್ಕೂ ಒಟ್ಟಿಗೆ ಬೆರೆಸಬೇಡಿ, ವಿಷದ ಗಾಳಿ ಬರುತ್ತೆ. ಇಷ್ಟಾದ್ಮೇಲೆ ಮುಚ್ಚಳ ತೆಗೆದು ಒಣಗಕ್ಕೆ ಬಿಡಬೇಕು. ಪ್ರತಿ ಸಲಾನೂ, ರಾತ್ರಿ ಎಷ್ಟೇ ಸುಸ್ತಾಗಿದ್ರೂ. ವಾಲ್ವ್ ವಾರಕ್ಕೆರಡು ಸಲ ಪೂರ್ತಿ ಬಿಚ್ತೀವಿ. ಮಷೀನಿನ ಆಟೋ ವಾಶ್ ಅನ್ನೋ ಬಟನ್ ಬಗ್ಗೆ ಹೇಳೋದಾದ್ರೆ ಅದು ನೀರು ತಿರುಗಿಸುತ್ತೆ ಅಷ್ಟೇ, ಮುಚ್ಚಳದ ಒಳಮೈ, ರೆಕ್ಕೆಯ ಕೆಳಭಾಗ, ವಾಲ್ವ್ ಮೂರನ್ನೂ ಅದು ಮುಟ್ಟಲ್ಲ.

ಮಷೀನಿಗೆ ಏನು ಆಗಲ್ಲ ಅನ್ನೋದನ್ನ ಮಾರೋರು ಹೇಳಲ್ಲ, ಕೇಳಿದ್ರೂ ಮಾತು ತಿರುಗಿಸ್ತಾರೆ. ಪಾಶ್ಚರೈಸ್ ಅಂದ್ರೆ ಸ್ಟೆರಿಲೈಸ್ ಅಲ್ಲ, ಎಲ್ಲ ಕ್ರಿಮಿನೂ ಸಾಯಲ್ಲ. ಬೀಜಕ ಕಟ್ಟೋ ಬ್ಯಾಕ್ಟೀರಿಯಾ ಉಳೀತವೆ, ಜೋನ್ಸ್ ಕ್ರಿಮಿ ತುಂಬ ಕಮ್ಮಿ ಆಗುತ್ತೆ ಆದ್ರೆ ಒಂದೂ ಉಳಿಯಲ್ಲ ಅಂತ ಗ್ಯಾರಂಟಿ ಇಲ್ಲ, ಹಂಗಾಗಿ ಜೋನ್ಸ್ ಇದೆ ಅಂತ ಗೊತ್ತಿರೋ ಹಸುವಿನ ಹಾಲು ನಾವು ಟ್ಯಾಂಕಿಗೆ ಹಾಕೋದೇ ಇಲ್ಲ. ಸ್ಟಫೈಲೊಕಾಕಸ್ ಹಾಲಲ್ಲಿ ಬಿಟ್ಟಿರೋ ವಿಷ ಕೂಡ ಈ ಬಿಸಿಗೆ ಹೋಗಲ್ಲ. ನೀರು ನೀರಾಗಿರೋದು, ರಕ್ತ ಬಂದಿರೋದು, ಗರಣೆ ಕಟ್ಟಿರೋದು, ಜ್ವರ ಬಂದು ಮೇವು ಬಿಟ್ಟಿರೋ ಹಸುವಿಂದು, ಇವೆಲ್ಲ ಗುಂಡಿಗೇ ಹೋಗಬೇಕು, ಕರುವಿನ ಹೊಟ್ಟೆಗಲ್ಲ.

ಆಂಟಿಬಯೋಟಿಕ್ ವಿಷಯ ಇನ್ನೂ ಮುಖ್ಯ. ಬಿಸಿ ಮಾಡಿದ್ರೆ ಔಷಧಿನೂ ಹೋಗುತ್ತೆ ಅಂತ ನಾನೂ ನಂಬಿದ್ದೆ. 63 ಡಿಗ್ರಿಗೆ ಅದರಲ್ಲಿ ಹೆಚ್ಚಿನದು ಹಂಗೇ ಉಳಿಯುತ್ತೆ. ದಿನಾ ಸ್ವಲ್ಪ ಸ್ವಲ್ಪ ಔಷಧಿ ಕುಡಿದ ಕರುವಿನ ಕರುಳಲ್ಲಿ ಆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆದು ಸಗಣಿಯಲ್ಲಿ ಹೊರಗೆ ಬರ್ತವೆ, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ ಇದರ ಬಗ್ಗೆನೇ ಒಂದು ವರದಿ ಕೊಟ್ಟು ಎಚ್ಚರಿಸಿದೆ. ನಾಳೆ ಆ ಕರುವಿಗೆ ನಿಜವಾಗ್ಲೂ ಕಾಯಿಲೆ ಬಂದಾಗ ಇಂಜೆಕ್ಷನ್ ಕೆಲಸ ಮಾಡದೇ ಹೋದ್ರೆ ಯಾರ ಹತ್ರ ಹೋಗೋದು. ಮಾಂಸಕ್ಕೆ ಹೋಗೋ ಕರುಗಳಿಗಂತೂ ಈ ಹಾಲು ಕೊಡಲೇಬಾರದು, ಔಷಧಿಯ ಉಳಿದ ಅಂಶ (ರೆಸಿಡ್ಯೂ) ಅವುಗಳ ಮೈಯಲ್ಲೂ ಸಿಗುತ್ತೆ. ನಾವು ಈಗ ಕ್ಯಾನುಗಳನ್ನೇ ಬೇರೆ ಮಾಡಿದೀವಿ. ಔಷಧಿ ಮುಟ್ಟದ, ಮೊದಲ ದಿನಗಳ ಹಾಲು ಒಂದು ಕ್ಯಾನು, ಇದು ಕರುಗಳಿಗೆ. ಟ್ರೀಟ್‌ಮೆಂಟ್ ಶುರು ಆದ ದಿನದಿಂದ ವಿತ್‌ಡ್ರಾವಲ್ ಮುಗಿಯೋವರೆಗಿನ ಹಾಲು ಕೆಂಪು ಪಟ್ಟಿ ಕ್ಯಾನು, ಇದು ಚೆಲ್ಲಕ್ಕೆ. ಕರುಗೆ ಸಿಗೋ ಹಾಲು ಕಮ್ಮಿ ಆಯ್ತು, ಕಮ್ಮಿ ಬಿದ್ದಿದ್ದನ್ನ ಪುಡಿ ಹಾಲಲ್ಲಿ ಸರಿದೂಗಿಸ್ತೀವಿ.

ಒಳಗೆ ಹೋಗೋ ಹಾಲೂ ಲೆಕ್ಕಕ್ಕೆ ಬರುತ್ತೆ. ಬೆಳಿಗ್ಗೆ ಕರೆದಿದ್ದನ್ನ ಮುಚ್ಚಳ ಇಲ್ಲದ ಕ್ಯಾನಲ್ಲಿ ಸಂಜೆವರೆಗೆ ಬಿಟ್ಟು ಆಮೇಲೆ ಮಷೀನಿಗೆ ಹಾಕಿದ್ರೆ, ಬೆಚ್ಚಗಿನ ಹಾಲಲ್ಲಿ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೆ ಎರಡರಷ್ಟಾಗ್ತವೆ, ಅಷ್ಟೊಂದು ಇದ್ರೆ ನೂರರಲ್ಲಿ ತೊಂಬತ್ತೊಂಬತ್ತು ಕೊಂದ್ರೂ ಉಳಿದಿದ್ದು ಸಾಕು ಕರು ಕೆಡವಕ್ಕೆ. ಹುಳಿ ತಿರುಗಿದ ಹಾಲಂತೂ ಬಿಸಿಯಾಗ್ತಾ ಒಡೆದು ಗಿಣ್ಣಿನ ಥರ ರೆಕ್ಕೆಗೆ ಸುತ್ಕೊಳ್ಳುತ್ತೆ, ಒಂದ್ಸಲ ಆಗಿ ಅದನ್ನ ಬಿಡಿಸಿ ತೊಳೆಯೋಕ್ಕೆ ಒಂದು ಮಧ್ಯಾಹ್ನ ಹೋಯ್ತು. ತಕ್ಷಣ ಬಿಸಿ ಮಾಡಿ, ಆಗಲ್ಲ ಅಂದ್ರೆ 4 ಡಿಗ್ರಿಗೆ ತಣ್ಣಗೆ ಇಡಿ. ಬಿಸಿ ಆದ ಮೇಲೂ ಹಂಗೇ, ಕುಡಿಸೋ ಬಿಸಿಗೆ ಬಂದ ಕೂಡ್ಲೇ ಕುಡಿಸಿ ಮುಗಿಸಿ, 40 ಡಿಗ್ರೀಲಿ ಎರಡು ಮೂರು ಗಂಟೆ ಟ್ಯಾಂಕಲ್ಲಿ ಬಿಟ್ರೆ ಅದೇ ಅವಕ್ಕೆ ಹೇಳಿ ಮಾಡಿಸಿದ ಜಾಗ.

ಹುಟ್ಟಿದ ಕರುವಿಗೆ ಕೊಡೋ ಮೊದಲ ಗಿಣ್ಣು ಹಾಲಿಗೆ ಈ 63ರ ಪ್ರೋಗ್ರಾಮ್ ಹಾಕಬೇಡಿ ದಯವಿಟ್ಟು. ಗಟ್ಟಿಯಾಗಿ ಹೆಪ್ಪು ಕಟ್ಟುತ್ತೆ, ಅದರಲ್ಲಿರೋ ರೋಗ ನಿರೋಧಕ ಪ್ರೋಟೀನೂ ಹಾಳಾಗುತ್ತೆ. ಅದಕ್ಕೆ 60 ಡಿಗ್ರಿ, 60 ನಿಮಿಷ. ನಮ್ಮ ಮಷೀನಲ್ಲಿ ಅದಕ್ಕೆ ಬೇರೆ ಸೆಟ್ಟಿಂಗ್ ಇದೆ, ಆದ್ರೆ 150 ಲೀಟರ್ ಟ್ಯಾಂಕಲ್ಲಿ ನಾಲ್ಕು ಲೀಟರ್ ಗಿಣ್ಣು ಹಾಕಿದ್ರೆ ರೆಕ್ಕೆಗೂ ಮುಟ್ಟಲ್ಲ ಸೆನ್ಸರ್‌ಗೂ ಮುಟ್ಟಲ್ಲ, ಆ ಸೆಟ್ಟಿಂಗ್ ಇದ್ದೂ ಇಲ್ಲದಂಗೆ. ನಾವು ಬಾಟ್ಲಿಗಳಲ್ಲಿ ಹಾಕಿ ಬಿಸಿನೀರಿನ ಪಾತ್ರೇಲಿ ನಿಲ್ಲಿಸಿ ಮಾಡ್ತೀವಿ. ಗಿಣ್ಣು ಒಳ್ಳೇದಾ ಅಂತ ಬ್ರಿಕ್ಸ್ ಮೀಟರಲ್ಲಿ (ಒಂದು ಹನಿ ಹಾಕಿ ಎಷ್ಟು ಗಟ್ಟಿ ಅಂತ ನೋಡೋ ಸಣ್ಣ ಸಾಧನ) ಮೊದಲೇ ನೋಡ್ಕೊಳ್ತೀವಿ, 22ಕ್ಕಿಂತ ಮೇಲಿದ್ರೆ ಮಾತ್ರ ಮೊದಲ ಕುಡಿತಕ್ಕೆ. ಅದೇ ಬ್ರಿಕ್ಸ್ ಮೀಟರು ದಿನದ ಹಾಲಿಗೂ ಬೇಕಾಗುತ್ತೆ, ಯಾಕಂದ್ರೆ ವೇಸ್ಟ್ ಹಾಲು ಒಂದಿನ ಗಟ್ಟಿ, ಒಂದಿನ ಪೈಪ್ ತೊಳೆದ ನೀರು ಸೇರಿ ತೆಳ್ಳಗೆ. ಹಾಲಿಗೆ ಬ್ರಿಕ್ಸ್ ತೋರಿಸೋದಕ್ಕೆ ಸುಮಾರು ಎರಡು ಸೇರಿಸಿದ್ರೆ ಘನಾಂಶ ಎಷ್ಟು ಅಂತ ಅಂದಾಜು ಸಿಗುತ್ತೆ, ಹನ್ನೆರಡರ ಆಸುಪಾಸು ಬರದಿದ್ರೆ ಪುಡಿ ಸೇರಿಸಿ ಸಮ ಮಾಡ್ತೀವಿ. ಕರುವಿಗೆ ದಿನದಿಂದ ದಿನಕ್ಕೆ ಹಾಲು ಬದಲಾಗ್ತಿದ್ರೆ ಹೊಟ್ಟೆ ಕೆಡುತ್ತೆ.

ಬೇರೆ ದಾರಿಗಳ ಬಗ್ಗೆ ಕೇಳೋರಿಗೆ ಚಿಕ್ಕದಾಗಿ. ಯುವಿ ಬೆಳಕಿನ ಮಷೀನು ನೋಡಿದ್ವಿ, ಆದ್ರೆ ಹಾಲು ನೀರಿನಷ್ಟು ತಿಳಿ ಅಲ್ಲ, ಬೆಳಕು ಒಳಗೆ ಇಳಿಯಲ್ಲ, ಗಟ್ಟಿ ಹಾಲಿಗೆ ಬಿಸಿಯಷ್ಟು ನಂಬಿಕೆ ಬರಲಿಲ್ಲ. ಫಾರ್ಮಿಕ್ ಆಸಿಡ್ ಹಾಕಿ ಪಿಹೆಚ್ 4ರಿಂದ 4.5ಕ್ಕೆ ಇಳಿಸೋದು ಇಟ್ಟ ಹಾಲು ಕೆಡದಂಗೆ ನೋಡ್ಕೊಳ್ಳೋಕ್ಕೆ ಒಳ್ಳೇದು, ಆದ್ರೆ ಆಸಿಡ್ ಮೊದಲು ನೀರಲ್ಲಿ ತೆಳು ಮಾಡಿ, ತಣ್ಣಗಿನ ಹಾಲಿಗೆ ತಿರುವುತ್ತಾ ಹಾಕಬೇಕು, ಬಿಸಿ ಹಾಲಿಗೆ ಹಾಕಿದ್ರೆ ಒಡೆಯುತ್ತೆ, ಕೈಗೂ ಕಣ್ಣಿಗೂ ಅಪಾಯ. ಮೂರು ನಾಲ್ಕು ಕರು ಇರೋರು ಮಷೀನ್ ತಗೊಳ್ಳೋದೇ ಬೇಡ, ದೊಡ್ಡ ಪಾತ್ರೇಲಿ ಬಿಸಿನೀರು, ಅದರೊಳಗೆ ಹಾಲಿನ ಪಾತ್ರೆ, ಒಂದು ಒಳ್ಳೆ ಥರ್ಮಾಮೀಟರು, ಅರ್ಧ ಗಂಟೆ ಬಿಡದೆ ತಿರುವೋ ತಾಳ್ಮೆ, ಇಷ್ಟಿದ್ರೆ ಅದೇ ಕೆಲಸ ಆಗುತ್ತೆ.

ತಗೊಳ್ಳೋರು ಅಂಗಡೀಲಿ ನಿಂತು ನೋಡಬೇಕಾದ್ದು: ವಾಲ್ವ್ ಸ್ಪ್ಯಾನರ್ ಇಲ್ದೆ ಕೈಯಲ್ಲೇ ಬಿಚ್ಚಕ್ಕೆ ಬರುತ್ತಾ, ಗ್ಯಾಸ್ಕೆಟ್ ಬಿಡಿಯಾಗಿ ಸಿಗುತ್ತಾ, ಸೆನ್ಸರ್ ಹಾಲಿನೊಳಗೆ ಚಾಚಿದೆಯಾ ಇಲ್ಲ ಗೋಡೆಗೆ ಅಂಟಿದೆಯಾ, ನಿಮಗೆ ದಿನಾ ಸಿಗೋ ಕಮ್ಮಿ ಅಂದ್ರೆ ಎಷ್ಟು ಹಾಲೋ ಅಷ್ಟಕ್ಕೆ ರೆಕ್ಕೆ ಮುಳುಗುತ್ತಾ, ಹಿಂದಿನ ದಿನಗಳ ಟೆಂಪರೇಚರ್ ರೆಕಾರ್ಡ್ ಉಳಿಸಿಕೊಳ್ಳುತ್ತಾ. ನಮ್ಮದಕ್ಕೆ ಕೊನೇದು ಇಲ್ಲ, ನಾವು ಪುಸ್ತಕದಲ್ಲಿ ಬರೀತೀವಿ, ಹೊತ್ತು, ಡಿಸ್‌ಪ್ಲೇ ನಂಬರು, ನಮ್ಮ ಥರ್ಮಾಮೀಟರ್ ನಂಬರು, ಮಾಡಿದವರ ಸಹಿ. ಎರಡು ತಿಂಗಳಿಗೊಂದ್ಸಲ ಮೂರು ಸ್ಯಾಂಪಲ್ ಲ್ಯಾಬಿಗೆ ಹೋಗುತ್ತೆ, ಜೊತೆಗೆ ಫಾಸ್ಫಟೇಸ್ ಟೆಸ್ಟು, ಹಸಿ ಹಾಲಲ್ಲಿ ಇರೋ ಆ ಎಂಜೈಮು ಸರಿಯಾಗಿ ಬಿಸಿ ಆಗಿದ್ರೆ ನಾಶ ಆಗಿರಬೇಕು, ಉಳಿದಿದೆ ಅಂದ್ರೆ ಬಿಸಿ ಸಾಲಲಿಲ್ಲ ಅಂತ ಅರ್ಥ.

ಕಳೆದ ಎಂಟು ತಿಂಗಳಲ್ಲಿ ಹಾಲು ಕುಡಿಯೋ ಕರು ಒಂದೂ ಸತ್ತಿಲ್ಲ. ಭೇದಿ ಪೂರ್ತಿ ನಿಂತಿಲ್ಲ, ಅದಕ್ಕೆ ಹಾಲೊಂದೇ ಕಾರಣ ಅಲ್ಲ, ಆದ್ರೆ ಬಂದ್ರೂ ಎದ್ದು ನಿಂತೇ ಇರ್ತವೆ, ಎರಡು ದಿನದಲ್ಲಿ ಸರಿ ಹೋಗ್ತವೆ. ಮೊನ್ನೆ ವಾಲ್ವ್ ಬಿಚ್ಚಿದಾಗ ಹೊಸ ಗ್ಯಾಸ್ಕೆಟ್ ಅಂಚಲ್ಲಿ ಮತ್ತೆ ಸಣ್ಣ ಗೀರು ಕಾಣ್ತು, ಹಾಕಿ ನಾಲ್ಕೇ ತಿಂಗಳಾಗಿತ್ತು. ಈ ಸಲ ಎರಡು ಜೊತೆ ತರಿಸಿ ಮಷೀನ್ ಪಕ್ಕದಲ್ಲೇ ಮೊಳೆಗೆ ನೇತು ಹಾಕಿದೀವಿ.